ಕಂಪ್ಯೂಟರ್ ರಾತ್ರಿಯಿಡೀ ಆನ್ ಇದ್ದರೆ: ಬಿಲ್ಲು, ಬಿಸಿ ಮತ್ತು ಹದಿನಾರು ಮಿಲಿಸೆಕೆಂಡು

ಮನೆಯ ಕಂಪ್ಯೂಟರನ್ನು ಹಗಲೂ ರಾತ್ರಿ ಆನ್ ಇಟ್ಟರೆ ಏನಾಗುತ್ತದೆ? ಬೆಂಗಳೂರಿನ ಯಾವ ಮನೆಯಲ್ಲಿ ಕೇಳಿದರೂ ಎರಡು ಉತ್ತರ ಸಿಗುತ್ತವೆ. 'ಮಲಗುವಾಗ ಆಫ್ ಮಾಡು, ಮೆಷಿನ್‌ಗೂ ರೆಸ್ಟ್ ಬೇಕಲ್ವಾ' ಎನ್ನುವುದು ಒಂದು. 'ಪದೇ ಪದೇ ಆನ್-ಆಫ್ ಮಾಡಿದರೇ ಜಾಸ್ತಿ ಕೆಡೋದು' ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ನಿಜ ಇದೆ. ಎರಡೂ ಹಳೆಯ ಕಾಲದ ಮೆಷಿನ್‌ಗಳನ್ನು ನೋಡಿ ಹುಟ್ಟಿದ ಮಾತುಗಳು. ಇವತ್ತಿನ ಕಂಪ್ಯೂಟರ್ ಸುಮ್ನೆ ಓಡುತ್ತಾ ಇದ್ದ ಮಾತ್ರಕ್ಕೆ ಹೆಚ್ಚು ಸವೆಯುವುದಿಲ್ಲ. ಚಿಂತೆ ಮಾಡಬೇಕಾದ್ದು ಎರಡು ವಿಷಯಕ್ಕೆ: ಸುಮ್ನೆ ಕೂತಾಗ ಅದು ಎಷ್ಟು ಕರೆಂಟ್ ಕುಡಿಯುತ್ತದೆ, ಮತ್ತು ಕರೆಂಟ್ ಹೋದ ಆ ಕ್ಷಣದಲ್ಲಿ ಅದಕ್ಕೆ ಏನಾಗುತ್ತದೆ.

ಯಾಕೆ ಆನ್ ಇಡಬೇಕು ಅಂತ ಕೇಳುವವರಿಗೆ ಕಾರಣಗಳು ಬೇಕಾದಷ್ಟಿವೆ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಜಾಗ ನಿಂತುಹೋಯಿತು. ಆಮೇಲೆ ಮನೆಯಲ್ಲೇ ಫೋಟೋ ಸರ್ವರ್ ಇಟ್ಟುಕೊಳ್ಳುವವರು ಹೆಚ್ಚಾದರು. ಸಿಸಿಟಿವಿ ರೆಕಾರ್ಡಿಂಗ್ ಇದೆ. ರಾತ್ರಿ ರೆಂಡರ್‌ಗೆ ಹಾಕಿ ಬೆಳಗ್ಗೆ ನೋಡುವ ವಿಡಿಯೋ ಕೆಲಸ ಇದೆ. ಆಫೀಸಿನಿಂದ ಮನೆಯ ಮೆಷಿನ್‌ಗೆ ಲಾಗಿನ್ ಆಗುವವರಿದ್ದಾರೆ. ಇನ್ನು ಕೆಲವರಿಗೆ ಇದ್ಯಾವುದೂ ಇಲ್ಲ, ಬ್ರೌಸರ್‌ನಲ್ಲಿ ತೆರೆದಿಟ್ಟ ನಲವತ್ತು ಟ್ಯಾಬ್ ಮುಚ್ಚಲು ಮನಸ್ಸಿಲ್ಲ ಅಷ್ಟೆ. ಅವರಿಗೆ ಸ್ಲೀಪ್ ಸಾಕು. ಅದರ ವಿಷಯ ಮುಂದೆ ಬರುತ್ತದೆ.

ಮೊದಲು ಬಿಲ್ಲು

ಕ್ಯಾಬಿನೆಟ್ ಒಳಗಿನ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಮೆಷಿನ್‌ಗೆ ಒಗ್ಗುವಂತೆ ಬದಲಿಸಿ ಕೊಡುವ ಪೆಟ್ಟಿಗೆಯ ಮೇಲೆ 550 ವ್ಯಾಟ್ ಅಂತ ಬರೆದಿರುತ್ತದೆ. ಅದನ್ನು 24 ಗಂಟೆಗೆ ಗುಣಿಸಿ ಗಾಬರಿಯಾಗುವವರನ್ನು ನೋಡಿದ್ದೇನೆ. ತಾರಸಿಯ ಮೇಲಿನ ಟ್ಯಾಂಕು ಸಾವಿರ ಲೀಟರಿನದು ಎಂದ ಮಾತ್ರಕ್ಕೆ ನಲ್ಲಿ ತಿರುಗಿಸಿದಾಗಲೆಲ್ಲ ಅಷ್ಟೂ ನೀರು ಸುರಿಯುವುದಿಲ್ಲ. 550 ಎನ್ನುವುದು ಅದು ಕೊಡಬಲ್ಲ ಗರಿಷ್ಠ. ಮೆಷಿನ್ ಕೇಳಿದಷ್ಟನ್ನು ಮಾತ್ರ ಅದು ಗೋಡೆಯಿಂದ ಎಳೆಯುತ್ತದೆ, ಜೊತೆಗೆ ಶಾಖವಾಗಿ ಪೋಲಾಗುವ ಒಂದಿಷ್ಟನ್ನು.

ಹಾಗಾದರೆ ಎಷ್ಟು ಕೇಳುತ್ತದೆ? ಕೆಲಸವಿಲ್ಲದೆ ಡೆಸ್ಕ್‌ಟಾಪ್ ತೆರೆದು ಕೂತಾಗ, ಸಾಧಾರಣ ಆಫೀಸ್ ಮಾದರಿಯ ಮೆಷಿನ್ 25ರಿಂದ 45 ವ್ಯಾಟ್ ಬಳಸುತ್ತದೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಮೆಷಿನ್ 60ರಿಂದ 90. ಸ್ಕ್ರೀನ್ ಆರಿಸಿದ ಲ್ಯಾಪ್‌ಟಾಪ್ 6ರಿಂದ 12. ಅಂಗೈಗಿಂತ ಸ್ವಲ್ಪ ದೊಡ್ಡದಾದ ಮಿನಿ ಪಿಸಿಯೂ ಹೆಚ್ಚುಕಡಿಮೆ ಅಷ್ಟೇ. ರಾಸ್‌ಬೆರಿ ಪೈ ಎಂಬ ಪುಟ್ಟ ಒಂದೇ ಬೋರ್ಡಿನ ಕಂಪ್ಯೂಟರ್ 3ರಿಂದ 5. ಮಾನಿಟರ್ ಒಂದೇ 20-30 ವ್ಯಾಟ್ ತಿನ್ನುತ್ತದೆ. ಹಾಗಾಗಿ ರಾತ್ರಿ ಬೇರೇನೂ ಮಾಡದಿದ್ದರೂ ಮಾನಿಟರ್ ಆರಿಸಿ. ಸ್ಕ್ರೀನ್‌ಸೇವರ್ ಹಾಕಿದರೆ ಕರೆಂಟ್ ಉಳಿಯುವುದಿಲ್ಲ. ಹಳೆಯ ದಪ್ಪ ಮಾನಿಟರ್‌ಗಳ ಪರದೆಯಲ್ಲಿ ಚಿತ್ರದ ಕಲೆ ಅಚ್ಚಾಗದಿರಲಿ ಅಂತ ಅದು ಬಂದದ್ದು.

ಲೆಕ್ಕ ನೆನಪಿಡಲು ಒಂದು ಸುಲಭ ದಾರಿ ಇದೆ. 10 ವ್ಯಾಟಿನ ಯಾವುದೇ ವಸ್ತು ತಿಂಗಳಿಡೀ ಆನ್ ಇದ್ದರೆ 7.2 ಯೂನಿಟ್. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬೆಸ್ಕಾಂ ದರದಲ್ಲಿ ಮನೆಗಳಿಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಸರ್‌ಚಾರ್ಜ್, ಶೇ. 9ರ ತೆರಿಗೆ ಸೇರಿದರೆ ಏಳು ರೂಪಾಯಿ ಅಂತ ಹಿಡಿಯಿರಿ, ಬಾಯಿಲೆಕ್ಕಕ್ಕೆ ಸಾಕು. ಅಲ್ಲಿಗೆ ಪ್ರತಿ 10 ವ್ಯಾಟಿಗೆ ತಿಂಗಳಿಗೆ 50 ರೂಪಾಯಿ. 60 ವ್ಯಾಟಿನ ಮೆಷಿನ್‌ಗೆ 43 ಯೂನಿಟ್, ಮುನ್ನೂರು ರೂಪಾಯಿ. ದಿನಾ ಇಪ್ಪತ್ತು ನಿಮಿಷ ಓಡುವ 2000 ವ್ಯಾಟಿನ ಗೀಸರ್ ತಿಂಗಳಿಗೆ 20 ಯೂನಿಟ್ ತೆಗೆದುಕೊಳ್ಳುತ್ತದೆ. ಮೂಲೆಯಲ್ಲಿ ಸದ್ದಿಲ್ಲದೆ ಕೂತ ಡೆಸ್ಕ್‌ಟಾಪ್ ಅದರ ಎರಡರಷ್ಟು ಎಳೆಯುತ್ತದೆ ಅಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಮುನ್ನೂರು ರೂಪಾಯಿ ದೊಡ್ಡದೇನಲ್ಲ ಅನ್ನಿಸಬಹುದು. ಆದರೆ ಗೃಹ ಜ್ಯೋತಿಯ ಲಾಭ ಪಡೆಯುವ ಮನೆಗಳಲ್ಲಿ ಲೆಕ್ಕ ಬೇರೆಯೇ ಆಗುತ್ತದೆ. 2023ರ ಜುಲೈಯಲ್ಲಿ ಶುರುವಾದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಅಂತ ಹಲವರು ತಿಳಿದಿದ್ದಾರೆ. ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿದಷ್ಟು ನಿಮ್ಮ ಪಾಲು. ತೀರಾ ಕಡಿಮೆ ಬಳಸುವ ಮನೆಗಳಿಗೆ ಶೇ. 10ರ ಬದಲು 10 ಯೂನಿಟ್ ಅಂತ ಆಮೇಲೆ ಬದಲಾಯಿತು. ಪಾಲು ದಾಟಿ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಇಡೀ ಬಿಲ್ಲು ನಿಮ್ಮದೇ.

ಈಗ ಎರಡು ಮನೆ ಇಟ್ಟುಕೊಳ್ಳೋಣ. ಮೊದಲನೆಯದರ ಸರಾಸರಿ 120, ಪಾಲು 132. ಅಲ್ಲಿ 43 ಯೂನಿಟ್ ಸೇರಿದರೆ 163 ಆಗುತ್ತದೆ, 31 ಯೂನಿಟ್‌ಗೆ ಇನ್ನೂರು ಚಿಲ್ಲರೆ ಕಟ್ಟಿದರೆ ಮುಗಿಯಿತು. ಎರಡನೆಯದರ ಸರಾಸರಿ 165, ಪಾಲು 181. ಅದೇ ಕಂಪ್ಯೂಟರ್ ಬಂದರೆ 208. ಶೂನ್ಯವಿದ್ದ ಬಿಲ್ಲು ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ ಸಾವಿರದ ಐನೂರರ ಮೇಲೆ ಬಂದು ನಿಲ್ಲುತ್ತದೆ. ಅದೇ ಮೆಷಿನ್, ಅದೇ 43 ಯೂನಿಟ್. ಹಾಗಾಗಿ 'ತಿಂಗಳಿಗೆ ಎಷ್ಟಾಗುತ್ತೆ' ಅಂತ ಪಕ್ಕದ ಮನೆಯವರನ್ನು ಕೇಳಿ ಉಪಯೋಗವಿಲ್ಲ. ನಿಮ್ಮ ಹಳೆಯ ಬಿಲ್ಲು ತೆಗೆದು ಪಾಲು ಎಷ್ಟು, 200ಕ್ಕೆ ಎಷ್ಟು ಜಾಗ ಉಳಿದಿದೆ ಅಂತ ನೋಡಬೇಕು.

ನಿಮ್ಮ ಮೆಷಿನ್ ನಿಜಕ್ಕೂ ಎಷ್ಟು ಎಳೆಯುತ್ತದೆ ಅಂತ ತಿಳಿಯಲು ಕರೆಂಟ್ ಅಳೆಯುವ ಸ್ಮಾರ್ಟ್ ಪ್ಲಗ್ ಸಿಗುತ್ತದೆ. ಅದೂ ಬೇಡವೆಂದರೆ ಮನೆ ಮೀಟರೇ ಸಾಕು. ಡಿಜಿಟಲ್ ಮೀಟರ್‌ನ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಇಂಪಲ್ಸ್ ಅಂತ ಬರೆದಿರುತ್ತದೆ. ಹಲವು ಮೀಟರ್‌ಗಳಲ್ಲಿ ಅದು 3200. ಪಕ್ಕದಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಫ್ರಿಜ್ ಸೇರಿ ಉಳಿದೆಲ್ಲವನ್ನೂ ಐದು ನಿಮಿಷ ಆರಿಸಿ, ಕಂಪ್ಯೂಟರ್ ಒಂದನ್ನೇ ಬಿಟ್ಟು, ಎರಡು ಮಿನುಗುಗಳ ನಡುವೆ ಎಷ್ಟು ಸೆಕೆಂಡ್ ಅಂತ ಎಣಿಸಿ. 3200ರ ಮೀಟರ್ ಆದರೆ 1125ನ್ನು ಆ ಸೆಕೆಂಡುಗಳಿಂದ ಭಾಗಿಸಿದಾಗ ವ್ಯಾಟ್ ಸಿಗುತ್ತದೆ. ಸುಮಾರು 19 ಸೆಕೆಂಡಿಗೊಮ್ಮೆ ಮಿನುಗಿದರೆ 60 ವ್ಯಾಟ್. ಕಾಸು ಖರ್ಚಿಲ್ಲದ ಪರೀಕ್ಷೆ ಇದು. ಮೀಟರ್ ಬೋರ್ಡ್ ಕೆಳಗಿನ ಪಾರ್ಕಿಂಗ್‌ನಲ್ಲಿದ್ದರೆ ಮನೆಯೊಳಗೆ ಒಬ್ಬರು, ಕೆಳಗೆ ಒಬ್ಬರು ಬೇಕು ಅಷ್ಟೆ.

ಇವೆಲ್ಲ ಸುಮ್ನೆ ಕೂತ ಮೆಷಿನ್‌ನ ಲೆಕ್ಕ. ಕೆಲಸ ಕೊಟ್ಟರೆ ಅದೇ ಗೇಮಿಂಗ್ ಮೆಷಿನ್ 300-400 ವ್ಯಾಟಿಗೆ ಏರಬಹುದು. 1999ರಲ್ಲಿ ಸೆಟಿ ಅಟ್ ಹೋಮ್ ಎಂಬ ಯೋಜನೆ ಶುರುವಾಯಿತು. ಖಾಲಿ ಕೂತ ಕಂಪ್ಯೂಟರ್‌ಗಳು ಬಾಹ್ಯಾಕಾಶದ ರೇಡಿಯೋ ಸದ್ದನ್ನು ಜಾಲಾಡಿ, ಅಲ್ಲಿ ಯಾರಾದರೂ ಇದ್ದಾರಾ ಅಂತ ಹುಡುಕುತ್ತಿದ್ದವು. ಆಗ ಅದು ಹೆಚ್ಚುಕಡಿಮೆ ಬಿಟ್ಟಿ ದಾನ. ಅಂದಿನ ಮನೆ ಕಂಪ್ಯೂಟರ್ ದುಡಿದಾಗಲೂ ಕೂತಾಗಲೂ ಎಳೆಯುತ್ತಿದ್ದ ಕರೆಂಟಿನಲ್ಲಿ ಅಂತಹ ದೊಡ್ಡ ವ್ಯತ್ಯಾಸವಿರಲಿಲ್ಲ. ಈಗಿನ ಪ್ರೊಸೆಸರ್‌ಗಳು ಕೆಲಸ ಮುಗಿದ ಕೂಡಲೇ ತಮ್ಮ ಬಹುಪಾಲನ್ನು ಆರಿಸಿಕೊಂಡುಬಿಡುತ್ತವೆ. ಸೆಟಿ ಅಟ್ ಹೋಮ್ 2020ರ ಮಾರ್ಚ್‌ನಲ್ಲಿ ಕೆಲಸ ಹಂಚುವುದನ್ನು ನಿಲ್ಲಿಸಿತು. ಪ್ರೋಟೀನ್‌ಗಳ ಲೆಕ್ಕ ಮಾಡುವ ಫೋಲ್ಡಿಂಗ್ ಅಟ್ ಹೋಮ್ ಇನ್ನೂ ಇದೆ. ಸೇರುವುದು ಒಳ್ಳೆಯದೇ, ಅದರ ದಾನ ಈಗ ಬಿಲ್ಲಿನಲ್ಲಿ ಕಾಣುತ್ತದೆ ಅನ್ನುವುದು ಗೊತ್ತಿದ್ದರೆ ಸರಿ.

ಸವೆಯುತ್ತದಾ?

ಚಿಪ್‌ಗಳು ಸವೆಯುವುದು ನಿಧಾನ. ಮೊದಲು ಹೋಗುವುದು ಫ್ಯಾನ್, ಹಾರ್ಡ್ ಡಿಸ್ಕ್, ಮತ್ತು ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್‌ಗಳು. ಈ ಕೆಪಾಸಿಟರ್‌ಗಳೊಳಗೆ ದ್ರವ ಇರುತ್ತದೆ, ಬಿಸಿಗೆ ಅದು ಮೆಲ್ಲಗೆ ಒಣಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಅರ್ಧ ಅನ್ನುವುದು ಎಂಜಿನಿಯರ್‌ಗಳ ಅಂದಾಜು. ಬೆಂಗಳೂರಿನ ಹವೆ ಈ ವಿಷಯದಲ್ಲಿ ನಮ್ಮ ಕಡೆಗಿದೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ್ದೇ ನಗರದ ದಾಖಲೆ, ಕಲಬುರಗಿಯವರು ಕೇಳಿದರೆ ನಗುತ್ತಾರೆ. ನಾವು ಮಾಡುವ ಅನ್ಯಾಯ ಬೇರೆ. ಕ್ಯಾಬಿನೆಟ್ಟನ್ನು ಟಿವಿ ಯೂನಿಟ್‌ನ ಮರದ ಬಾಗಿಲಿನ ಹಿಂದೆ ತುರುಕುತ್ತೇವೆ. ಹೊರಗಿನ ಹವೆ ಎಷ್ಟೇ ತಣ್ಣಗಿದ್ದರೂ ಒಳಗೆ ಬಿಸಿಗಾಳಿಯೇ ಸುತ್ತುತ್ತಿರುತ್ತದೆ. ಮೆಟ್ರೋ ಕಾಮಗಾರಿ ನಡೆಯುವ ರಸ್ತೆಯ ಪಕ್ಕದ ಮನೆಯಾದರೆ ಧೂಳು ಬೇರೆ. ದಿನವಿಡೀ ಓಡುವ ಫ್ಯಾನ್ ದಿನವಿಡೀ ಧೂಳು ಎಳೆಯುತ್ತದೆ. ಕೆಲವು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಬ್ರಶ್ ಆಡಿಸುವುದು ದುಬಾರಿ ಕೂಲರ್‌ಗಿಂತ ಮೇಲು. ಒಳಗಿನ ಬೆಚ್ಚನೆಯ ಜಾಗ ಜಿರಲೆಗಳಿಗೂ ಇಷ್ಟ ಅನ್ನುವುದನ್ನು ನೆನಪಿಡಿ.

ಹಾರ್ಡ್ ಡಿಸ್ಕ್ ವಿಷಯದಲ್ಲಿ ಬಿಸಿಯ ಭಯ ಸ್ವಲ್ಪ ಅತಿಯಾಗಿದೆ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಗೂಗಲ್ ಎಂಜಿನಿಯರ್‌ಗಳು 2007ರಲ್ಲಿ ಬರೆದ ಪ್ರಬಂಧದಲ್ಲಿ, ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಎಲ್ಲರೂ ಅಂದುಕೊಂಡಷ್ಟು ನಂಟು ಕಾಣಲಿಲ್ಲ. ಡಿಸ್ಕ್‌ಗೆ ತೊಂದರೆ ಕೊಡುವುದು ಪದೇ ಪದೇ ನಿಲ್ಲಿಸಿ ಓಡಿಸುವುದು. ಡಿಸ್ಕ್‌ನಲ್ಲಿ ಓದಿ ಬರೆಯುವ ತಲೆಯನ್ನು ಬದಿಗೆ ನಿಲ್ಲಿಸಿ ಮತ್ತೆ ಒಳಗೆ ತರುವ ಕ್ರಿಯೆಗೆ ತಯಾರಕರು ಕೊಡುವ ಮಿತಿ ಸಾಮಾನ್ಯವಾಗಿ 3 ಲಕ್ಷ ಸಲ. ಕರೆಂಟ್ ಉಳಿಸಲೆಂದು ಕೆಲವು ಮಾದರಿಗಳು ಎಂಟು ಸೆಕೆಂಡ್ ಕೆಲಸವಿಲ್ಲದಿದ್ದರೂ ತಲೆ ನಿಲ್ಲಿಸುತ್ತಿದ್ದವು. ನಿಮಿಷಕ್ಕೊಮ್ಮೆ ಹಾಗಾದರೆ ಏಳೇ ತಿಂಗಳಲ್ಲಿ ಮಿತಿ ಮುಗಿಯುತ್ತದೆ. 'ಆನ್-ಆಫ್ ಮಾಡಿದರೇ ಕೆಡೋದು' ಎನ್ನುವ ಮಾತಿನ ನಿಜದ ಭಾಗ ಇದು. ಆದರೆ ದಿನಕ್ಕೊಂದು ಸಲ ಆರಿಸಿ ಹಚ್ಚಿದರೆ ವರ್ಷಕ್ಕೆ 365 ಸಲ ಮಾತ್ರ. ಅದಕ್ಕೆ ಯಾವ ಡಿಸ್ಕೂ ಹೆದರಬೇಕಿಲ್ಲ. ಚಿಪ್‌ಗಳಲ್ಲೇ ಫೈಲ್ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ.

ಕರೆಂಟ್ ಹೋದ ಕ್ಷಣ

ಬೆಂಗಳೂರಿನಲ್ಲಿ 24 ಗಂಟೆ ಓಡುವ ಮೆಷಿನ್‌ನ ನಿಜವಾದ ಶತ್ರು ಏಪ್ರಿಲ್-ಮೇ ತಿಂಗಳ ಸಂಜೆ ಮಳೆ. ಗಾಳಿಗೆ ಗುಲ್‌ಮೊಹರ್ ಕೊಂಬೆ ತಂತಿಯ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದೆ, ದೀಪ ಕಣ್ಣು ಮಿಟುಕಿಸಿ ಹತ್ತಿಕೊಳ್ಳುತ್ತದೆ. ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಿರುತ್ತದೆ. ಯಾಕೆ?

ಗೋಡೆಯ ಕರೆಂಟ್ 230 ವೋಲ್ಟ್, ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಕರೆಂಟ್ ನಿಂತ ಮೇಲೂ ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸ್ವಲ್ಪ ಶಕ್ತಿ ಉಳಿದಿರುತ್ತದೆ. ಪೂರ್ತಿ ಹೊರೆಯಲ್ಲಿ ಅದು ಮೆಷಿನ್ನನ್ನು ಹಿಡಿದಿಡಬೇಕಾದ ಹೊತ್ತು, ಡೆಸ್ಕ್‌ಟಾಪ್ ಬಿಡಿಭಾಗಗಳಿಗೆ ಬಹುಕಾಲದಿಂದ ಇರುವ ಎಟಿಎಕ್ಸ್ ಎಂಬ ಅಳತೆಯ ಪ್ರಕಾರ, ಸುಮಾರು 16 ಮಿಲಿಸೆಕೆಂಡ್. ಒಂದು ಸುತ್ತಿಗೂ ಕಡಿಮೆ. ಹೊರೆ ಕಡಿಮೆ ಇದ್ದರೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತದೆ, ಕೆಪಾಸಿಟರ್ ಒಣಗಿದ್ದರೆ ಅಷ್ಟೂ ಇಲ್ಲ. ಅಷ್ಟರೊಳಗೆ ಬೇರೆ ಕಡೆಯಿಂದ ಕರೆಂಟ್ ಬರಲೇಬೇಕು. ದೀಪ, ಫ್ಯಾನ್‌ಗಳಿಗೆ ಈ ಅವಸರ ಇಲ್ಲ, ಹಾಗಾಗಿ ಹಲವು ಮನೆ ಇನ್ವರ್ಟರ್‌ಗಳು ಬದಲಾಗಲು ಅದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತವೆ.

ಬಹಳ ಜನ ಗಮನಿಸದ ಒಂದು ಸ್ವಿಚ್ ಇನ್ವರ್ಟರ್‌ನ ಮೈಮೇಲೇ ಇರುತ್ತದೆ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ಯುಪಿಎಸ್ ಕಡೆಗಿಟ್ಟರೆ ಬದಲಾವಣೆ ಬೇಗ ಆಗುತ್ತದೆ, ವೋಲ್ಟೇಜ್ ಸ್ವಲ್ಪ ಕುಸಿದರೂ ಬ್ಯಾಟರಿಗೆ ಹೋಗುತ್ತದೆ. ರೀಸ್ಟಾರ್ಟ್ ಕಾಟಕ್ಕೆ ಹಲವು ಮನೆಗಳಲ್ಲಿ ಇದೇ ಮದ್ದು. ವೋಲ್ಟೇಜ್ ಸದಾ ಏರುಪೇರಾಗುವ ಏರಿಯಾದಲ್ಲಿ ಬ್ಯಾಟರಿ ಮಾತ್ರ ಬೇಗ ಸವೆಯುತ್ತದೆ. ಇನ್ವರ್ಟರ್ ಸ್ಕ್ವೇರ್ ವೇವ್ (ನಯವಾಗಿ ಏರಿಳಿಯದೆ ಚೌಕಾಕಾರವಾಗಿ ಜಿಗಿಯುವ ಕರೆಂಟ್) ಮಾದರಿಯದಾದರೆ ಇನ್ನೊಂದು ತೊಡಕು. ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವ ಆಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್ ಇರುವ ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಆ ಅಲೆಗೆ ಗುಂಯ್‌ಗುಡುತ್ತವೆ, ಕೆಲವು ಆರಿಯೇ ಹೋಗುತ್ತವೆ. ಕಂಪ್ಯೂಟರ್ ಇರುವ ಮನೆಗೆ ಪ್ಯೂರ್ ಸೈನ್ ವೇವ್ ತೆಗೆದುಕೊಳ್ಳಿ.

ಅಪಾರ್ಟ್‌ಮೆಂಟ್‌ನಲ್ಲಿ ಡೀಸೆಲ್ ಜನರೇಟರ್ ಇದೆ ಅಂತ ನೆಮ್ಮದಿಯಾಗಿರುವವರೂ ಇದ್ದಾರೆ. ಅದು ಎದ್ದು ಕೂರಲು ಹಲವು ಸೆಕೆಂಡ್ ಬೇಕು. ಆ ಸಂದಿಗೆ ಚಿಕ್ಕ ಯುಪಿಎಸ್ ಇರಲೇಬೇಕು. ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಹೊರುವಂಥದ್ದು. ಒಳಗಿರುವುದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ, ಕಾಗದದ ಮೇಲೆ 84 ವ್ಯಾಟ್-ಅವರ್. ಹೊಸದರಲ್ಲಿ 80 ವ್ಯಾಟಿನ ಮೆಷಿನ್‌ಗೆ ಅರ್ಧ ಗಂಟೆ ಆಸುಪಾಸು ಸಿಗುತ್ತದೆ. ಎರಡು ಮೂರು ವರ್ಷದ ಮೇಲೆ ಅದೇ ಬ್ಯಾಟರಿ ಐದು ನಿಮಿಷಕ್ಕೆ ಕೈಕೊಡುತ್ತದೆ. ಆಫ್ ಆಗುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಕೊಳ್ಳುವಾಗ ಯುಎಸ್‌ಬಿ ಪೋರ್ಟ್ ಇದೆಯಾ ನೋಡಿ. ಅದು ಮೆಷಿನ್‌ಗೆ 'ಬ್ಯಾಟರಿ ಮುಗೀತಾ ಇದೆ' ಅಂತ ಹೇಳುತ್ತದೆ, ಮೆಷಿನ್ ತಾನೇ ಫೈಲ್ ಮುಚ್ಚಿ ಆರಿಕೊಳ್ಳುತ್ತದೆ. ಯಾರೂ ಇಲ್ಲದ ಮನೆಯಲ್ಲಿ ಓಡುವ ಕಂಪ್ಯೂಟರ್‌ಗೆ ಬ್ಯಾಕಪ್ ಹೊತ್ತಿಗಿಂತ ಈ ತಂತಿ ಮುಖ್ಯ. ಕರೆಂಟ್ ಬಂದ ಮೇಲೆ ತಾನೇ ಹೊತ್ತಿಕೊಳ್ಳಲು ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ, ಮೆಷಿನ್‌ನ ಒಳ ಸೆಟ್ಟಿಂಗ್‌ಗಳ ಜಾಗ) ಒಂದು ಆಯ್ಕೆ ಇರುತ್ತದೆ, ಅದನ್ನೂ ಆನ್ ಮಾಡಿ.

ಇನ್ನೊಂದು ಮಾತು ಅರ್ತಿಂಗ್ ಬಗ್ಗೆ. ಹಳೆಯ ಬಾಡಿಗೆ ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುವುದುಂಟು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಒಂದಿಷ್ಟು ಕರೆಂಟನ್ನು ಅರ್ತ್‌ಗೆ ಬಿಡುತ್ತಿರುತ್ತದೆ. ಮೂರನೆಯ ಪಿನ್‌ನ ತಂತಿ ಎಲ್ಲಿಗೂ ಹೋಗಿಲ್ಲದಿದ್ದರೆ ಅದು ಕ್ಯಾಬಿನೆಟ್‌ನಲ್ಲೇ ನಿಂತು, ಅರ್ಧ ವೋಲ್ಟೇಜ್, ಅಂದರೆ 115ರ ಸುತ್ತಮುತ್ತ ತೋರಿಸುತ್ತದೆ. ಹರಿಯುವ ಕರೆಂಟ್ ಒಂದು ಮಿಲಿಆಂಪಿಯರ್‌ಗೂ ಕಡಿಮೆ, ಅದರಿಂದಲೇ ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಅರ್ತ್ ಇಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಅಂಥ ಮನೆಯಲ್ಲಿ ಸ್ಪೈಕ್ ಗಾರ್ಡ್ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಎಲೆಕ್ಟ್ರಿಷಿಯನ್ ಕರೆಸುವವರೆಗೆ ಆ ಮೆಷಿನ್ನನ್ನು ರಾತ್ರಿಯಿಡೀ ಓಡಿಸಬೇಡಿ.

ನಿದ್ದೆಯಲ್ಲೂ ವಿಧಗಳಿವೆ

ಸ್ಲೀಪ್‌ನಲ್ಲಿ ರ‍್ಯಾಮ್ ಒಂದನ್ನು ಬಿಟ್ಟು ಬಹುತೇಕ ಎಲ್ಲವೂ ಆರುತ್ತದೆ. ಡೆಸ್ಕ್‌ಟಾಪ್ ಆಗ 1ರಿಂದ 3 ವ್ಯಾಟ್ ಬಳಸುತ್ತದೆ, ತಿಂಗಳಿಗೆ ಹದಿನೈದು ರೂಪಾಯಿ ದಾಟುವುದಿಲ್ಲ. ಕರೆಂಟ್ ಹೋದರೆ ಮಾತ್ರ ತೆರೆದದ್ದೆಲ್ಲ ಹೋಯಿತು. ಹೈಬರ್ನೇಟ್ ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕ್‌ಗೆ ಬರೆದು ಪೂರ್ತಿ ಆರುತ್ತದೆ, ಕರೆಂಟ್ ಹೋದರೂ ನಷ್ಟವಿಲ್ಲ. ನಲವತ್ತು ಟ್ಯಾಬ್‌ನವರಿಗೆ ಇದು ಹೇಳಿಮಾಡಿಸಿದ್ದು.

ಇಲ್ಲೊಂದು ತಮಾಷೆ ಇದೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಇರುವ ಮೆಷಿನ್‌ಗಳಲ್ಲಿ ಶಟ್ ಡೌನ್ ಒತ್ತಿದರೆ ಪೂರ್ತಿ ಶಟ್ ಡೌನ್ ಆಗುವುದಿಲ್ಲ. ವಿಂಡೋಸ್‌ನ ಒಳತಿರುಳು ಡಿಸ್ಕ್‌ನಲ್ಲಿ ಕೂತು, ಮರುದಿನ ಅಲ್ಲಿಂದಲೇ ಏಳುತ್ತದೆ. ದಿನಾ ಆರಿಸುತ್ತಿದ್ದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಅಪ್‌ಟೈಮ್ ವಾರಗಟ್ಟಲೆ ತೋರಿಸುವುದು ಇದಕ್ಕೇ. ಮೆಷಿನ್ ಮಂಕಾದಾಗ ಬೇಕಾದ್ದು ರೀಸ್ಟಾರ್ಟ್. ಅದು ಮಾತ್ರ ಎಲ್ಲವನ್ನೂ ಮೊದಲಿನಿಂದ ಶುರು ಮಾಡುತ್ತದೆ.

ಆಫೀಸಿನಿಂದ ಎಂದೋ ಒಮ್ಮೆ ಮನೆಯ ಫೈಲ್ ಬೇಕಾಗುವವರು ದಿನವಿಡೀ ಆನ್ ಇಡಬೇಕಿಲ್ಲ. ವೇಕ್ ಆನ್ ಲ್ಯಾನ್ ಇದೆ. ಮಲಗಿದ ಮೆಷಿನ್‌ನ ನೆಟ್‌ವರ್ಕ್ ಕಾರ್ಡ್ ಮಾತ್ರ ಎಚ್ಚರವಿದ್ದು, ತನ್ನ ವಿಳಾಸವನ್ನು ಹದಿನಾರು ಸಲ ಕರೆಯುವ 102 ಬೈಟಿನ ಒಂದು ಸಂದೇಶಕ್ಕೆ ಕಾಯುತ್ತಿರುತ್ತದೆ. ಮನೆಯ ರೂಟರ್ ಹೇಗೂ ಸದಾ ಆನ್. ಅದರಲ್ಲಿ ಈ ಸೌಲಭ್ಯ ಇದ್ದರೆ ಅಲ್ಲಿಂದಲೇ ಎಬ್ಬಿಸಬಹುದು.

ನಿಜಕ್ಕೂ ಸದಾ ಓಡಬೇಕಾದ ಕೆಲಸಕ್ಕೆ, ಅಂದರೆ ಫೋಟೋ, ಸಿಸಿಟಿವಿ, ಬ್ಯಾಕಪ್‌ಗಳಿಗೆ, ಗೇಮಿಂಗ್ ಮೆಷಿನ್ ಬಳಸುವುದು ದಂಡ ಅನ್ನುವುದು ನನ್ನ ಅಭಿಪ್ರಾಯ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಲ್ಲಿ ಕಂಪನಿಗಳು ಬಳಸಿ ಬಿಟ್ಟ ಮಿನಿ ಪಿಸಿಗಳು ಸಿಗುತ್ತವೆ. 60 ವ್ಯಾಟ್ ಬದಲು 10 ವ್ಯಾಟ್ ಅಂದರೆ ತಿಂಗಳಿಗೆ 36 ಯೂನಿಟ್ ಉಳಿತಾಯ. ಮೇಲೆ ಹೇಳಿದ 165ರ ಮನೆ 172ಕ್ಕೆ ನಿಲ್ಲುತ್ತದೆ, 181ರ ಪಾಲಿನೊಳಗೇ. ಹಳೆಯ ಲ್ಯಾಪ್‌ಟಾಪ್ ಇದ್ದರೆ ಕೊಳ್ಳುವುದೂ ಬೇಡ, ಬ್ಯಾಟರಿಯೇ ಅದರ ಯುಪಿಎಸ್. ಆ ಬ್ಯಾಟರಿ ಉಬ್ಬಿದೆಯಾ ಅಂತ ಮೊದಲು ನೋಡಿ, ಉಬ್ಬಿದ್ದರೆ ತೆಗೆಸಿ. ಚಾರ್ಜಿಂಗನ್ನು ಶೇ. 60-80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಬಳಸಿ.

ಕೊನೆಗೆ ಬಾಗಿಲು. ಸದಾ ಆನ್ ಇರುವ ಮೆಷಿನ್‌ಗೆ ಹೊರಗಿನಿಂದ ತಲುಪಲು ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟ್ ತೆರೆದಿಡುವವರಿದ್ದಾರೆ. ಇಂಟರ್ನೆಟ್ಟಿನಲ್ಲಿ ಹಗಲೂ ರಾತ್ರಿ ಆ ಬಾಗಿಲನ್ನೇ ತಟ್ಟುತ್ತಾ ಹೋಗುವ ಪ್ರೋಗ್ರಾಂಗಳಿವೆ. ಹಲವು ಬ್ರಾಡ್‌ಬ್ಯಾಂಡ್‌ಗಳಲ್ಲಿ ಸಿಜಿನ್ಯಾಟ್ ಇರುವುದರಿಂದ, ಅಂದರೆ ನೂರಾರು ಮನೆಗಳು ಒಂದೇ ವಿಳಾಸ ಹಂಚಿಕೊಳ್ಳುವುದರಿಂದ, ತೆರೆದರೂ ಅದು ಕೆಲಸ ಮಾಡುವುದಿಲ್ಲ. ನಿಮ್ಮ ಮೆಷಿನ್‌ಗಳ ನಡುವೆ ಮಾತ್ರ ಗುಪ್ತ ಸಂಪರ್ಕ ಕಟ್ಟುವ, ವೈರ್‌ಗಾರ್ಡ್ ತಳಹದಿಯ ಟೇಲ್‌ಸ್ಕೇಲ್‌ನಂಥ ದಾರಿ ಎರಡೂ ತೊಂದರೆಯನ್ನು ತಪ್ಪಿಸುತ್ತದೆ. ಅಪ್‌ಡೇಟ್ ಕೂಡ ಮುಂದೂಡಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಕಾಡಿದ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿದ್ದ ವಾನಾಕ್ರೈ ಎಂಬ ಕುತಂತ್ರಾಂಶ ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೂಲೆಯಲ್ಲಿ ಸರ್ವರ್ ಆಗಿ ಕೂತಿರುವ ಹಳೆಯ ಮೆಷಿನ್ ಇನ್ನೂ ಅದರಲ್ಲೇ ಇದ್ದು, ವಿಂಡೋಸ್ 11ಕ್ಕೆ ಒಗ್ಗದಿದ್ದರೆ ಲಿನಕ್ಸ್ ಹಾಕಿ. ಫೋಟೋ ಸರ್ವರ್‌ಗೆ, ಬ್ಯಾಕಪ್‌ಗೆ ವಿಂಡೋಸ್ ಬೇಕೂ ಇಲ್ಲ.